ಜಾವಾದಲ್ಲಿ ಕಡತದ ದಾರಿ

ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮು ಒಂದು ಫೈಲನ್ನು ಹೆಸರು ಹಿಡಿದು ಕೇಳುತ್ತದೆ. ಆ ಹೆಸರಿನಿಂದ ಹೊರಟು ಡಿಸ್ಕಿನಲ್ಲಿರುವ ನಿಜವಾದ ಫೈಲನ್ನು ಮುಟ್ಟುವವರೆಗೆ ನಡೆಯುವ ಕೆಲಸಕ್ಕೆ ಪಾತ್ ರೆಸಲ್ಯೂಶನ್, ಅಂದರೆ ದಾರಿ ಬಿಡಿಸುವುದು ಎನ್ನುತ್ತಾರೆ. ಇದರಲ್ಲಿ ಒಂದು ಪಾಲು ಜಾವಾದ್ದು, ಇನ್ನೊಂದು ಪಾಲು ಆಪರೇಟಿಂಗ್ ಸಿಸ್ಟಮ್‌ನದು. ಜಾವಾ ಬಹುಮಟ್ಟಿಗೆ ಅಕ್ಷರಗಳನ್ನು ಜೋಡಿಸಿ ದಾರಿಯ ಮಾತನ್ನು ಸಿದ್ಧಮಾಡುತ್ತದೆ. ಆ ದಾರಿಯಲ್ಲಿ ನಡೆದು ನೋಡುವುದು ಆಪರೇಟಿಂಗ್ ಸಿಸ್ಟಮ್. ಈ ಎರಡು ಕೆಲಸಗಳ ನಡುವಿನ ಗಡಿ ಎಲ್ಲಿದೆ ಎಂದು ತಿಳಿಯದೆ ಹೋಗುವುದರಿಂದಲೇ 'ಫೈಲ್ ಸಿಗಲಿಲ್ಲ' ಎಂಬ ದೂರುಗಳಲ್ಲಿ ಹೆಚ್ಚಿನವು ಹುಟ್ಟುತ್ತವೆ.

ಮಲೆನಾಡಿನಲ್ಲಿ ದಾರಿ ಕೇಳಿದವರಿಗೆ ಈ ತೊಡಕು ಹೊಸದಲ್ಲ. ಕಳಸಕ್ಕೆ ಹೇಗೆ ಹೋಗಬೇಕೆಂದು ಮೂಡಿಗೆರೆಯಲ್ಲಿ ಕೇಳಿದರೆ, ಕೊಟ್ಟಿಗೆಹಾರದಲ್ಲಿ ಬಲಕ್ಕೆ ತಿರುಗಿ ಎನ್ನುತ್ತಾರೆ. ಉಜಿರೆಯಿಂದ ಚಾರ್ಮಾಡಿ ಘಾಟಿ ಹತ್ತಿ ಬಂದವರು ಅದೇ ಮಾತು ನಂಬಿ ಕೊಟ್ಟಿಗೆಹಾರದಲ್ಲಿ ಬಲಕ್ಕೆ ತಿರುಗಿದರೆ ಕಳಸ ಸಿಗುವುದಿಲ್ಲ. ಅವರಿಗೆ ಅದು ಎಡದಾರಿ. ಮಾತು ಸುಳ್ಳಲ್ಲ, ಕೇಳಿದವರು ನಿಂತ ಜಾಗ ಬೇರೆ. ಕಂಪ್ಯೂಟರಿನ ಸಾಪೇಕ್ಷ ಪಾತ್ ಎಂದರೆ ಇಂಥ ಮಾತು.

ಹಿನ್ನೆಲೆ

ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ರೂಪಿಸಿದ ಭಾಷೆಗೆ ಮೊದಲಿದ್ದ ಹೆಸರು ಓಕ್. 1995ರಲ್ಲಿ ಅದು ಜಾವಾ ಆಗಿ ಲೋಕಕ್ಕೆ ಬಂತು. ಹೆಸರು ಜಾವಾ ದ್ವೀಪದ ಕಾಫಿಯದು. ಆ ದ್ವೀಪಕ್ಕೆ ಡಚ್ಚರು 17ನೆಯ ಶತಮಾನದ ಕೊನೆಯಲ್ಲಿ ಕಾಫಿ ಸಸಿಗಳನ್ನು ಒಯ್ದದ್ದು ನಮ್ಮ ಮಲಬಾರ್ ಕರಾವಳಿಯಿಂದ. ಭಾರತಕ್ಕೆ ಕಾಫಿ ಬಂದ ಕಥೆಯನ್ನು ಹೇಳುವವರೆಲ್ಲ ಬಾಬಾಬುಡನ್ ಗಿರಿಯಿಂದಲೇ ಶುರುಮಾಡುತ್ತಾರೆ. ಹಾಗಾಗಿ ಚಿಕ್ಕಮಗಳೂರಿನ ಕಾಫಿ ತೋಟದ ಲೆಕ್ಕವನ್ನು ಜಾವಾದಲ್ಲಿ ಬರೆಯುವವರಿಗೆ ಆ ಹೆಸರು ಪರಕೀಯ ಅನ್ನಿಸಬೇಕಾಗಿಲ್ಲ.

1996ರ ಮೊದಲ ಆವೃತ್ತಿಯಲ್ಲಿ ಪಾತ್‌ಗೆಂದು ಇದ್ದದ್ದು 'ಫೈಲ್' ಎಂಬ ಒಂದೇ ಕ್ಲಾಸು. ಹೆಸರು ಫೈಲ್ ಎಂದಿದ್ದರೂ ಅದರೊಳಗೆ ಇರುವುದು ಫೈಲಲ್ಲ, ಫೈಲಿನ ದಾರಿಯನ್ನು ಹೇಳುವ ಅಕ್ಷರಸಾಲು. ಒಮ್ಮೆ ಬರೆದದ್ದು ಎಲ್ಲ ಯಂತ್ರಗಳಲ್ಲೂ ಓಡಬೇಕೆಂಬುದು ಜಾವಾದ ಹಂಬಲ. ಆದರೆ ಯೂನಿಕ್ಸ್ ಫೋಲ್ಡರುಗಳ ನಡುವೆ / ಹಾಕುತ್ತದೆ, ವಿಂಡೋಸ್ \ ಹಾಕುತ್ತದೆ. 1983ರ ಎಂಎಸ್-ಡಾಸ್ 2.0ರಲ್ಲಿ ಫೋಲ್ಡರುಗಳು ಬಂದಾಗ / ಗೆರೆ ಆಗಲೇ ಕಮಾಂಡುಗಳ ಆಯ್ಕೆ ಸೂಚಿಸಲು ಬಳಕೆಯಲ್ಲಿತ್ತು. ಆ ಕಾರಣಕ್ಕೆ ಬಂದ ಹಿಂಬಾಗು ಗೆರೆ ಇಂದಿಗೂ ಉಳಿದಿದೆ. ಜಾವಾ ವಿಂಡೋಸ್‌ನಲ್ಲಿ / ಕಂಡರೂ ಒಪ್ಪಿಕೊಂಡು ತಾನೇ ಬದಲಿಸುತ್ತದೆ. ಆದ್ದರಿಂದ ಪ್ರೋಗ್ರಾಮಿನಲ್ಲಿ ಮುಂಬಾಗು ಗೆರೆ ಬರೆಯುವುದು ಕ್ಷೇಮ.

ಹಳೆಯ ಕ್ಲಾಸಿನ ಕೊರತೆಗಳನ್ನು ನೀಗಿಸಿದ್ದು 2011ರ ಜಾವಾ 7. ಅದರಲ್ಲಿ 'ಪಾತ್' ಎಂಬ ಇಂಟರ್‌ಫೇಸು ದಾರಿಗೂ, 'ಫೈಲ್ಸ್' ಎಂಬ ಕ್ಲಾಸು ದಾರಿಯ ತುದಿಯಲ್ಲಿ ಇರುವುದನ್ನು ಮುಟ್ಟುವುದಕ್ಕೂ ಬೇರೆಬೇರೆಯಾಗಿ ನಿಂತವು. 2018ರ ಜಾವಾ 11ರಿಂದ 'ಪಾತ್.ಆಫ್' ಎಂದು ನೇರವಾಗಿ ಪಾತ್ ಕಟ್ಟಬಹುದು. ಪಾತ್ ಮತ್ತು ಫೈಲ್ಸ್ ಎಂಬ ಈ ಬೇರ್ಪಡಿಕೆಯೇ ಜಾವಾ 7ರ ಬದಲಾವಣೆಯ ತಿರುಳು ಎಂದು ನನ್ನ ಅಭಿಪ್ರಾಯ: ದಾರಿ ಹೇಳುವುದು ಒಂದು ಕೆಲಸ, ನಡೆಯುವುದು ಇನ್ನೊಂದು.

ನಿಂತ ಜಾಗ

ಕಳಸದ ಕಡೆಯ ಒಂದು ತೋಟವನ್ನು ನೆನೆಸಿಕೊಳ್ಳೋಣ. ಅಲ್ಲಿ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ದಿನವೂ ಬರೆದಿಡುತ್ತಾರೆ. ಏಪ್ರಿಲ್ ಹಾಳೆಗೆ ಬೆಲೆ ಹೆಚ್ಚು. ಹೂಮಳೆ ಯಾವತ್ತು ಬಂತು, ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ತಡವಾಯಿತು ಎಂಬುದನ್ನು ಫಸಲು ಲೆಕ್ಕ ಹಾಕುವವರು ಅಲ್ಲಿಯೇ ನೋಡಬೇಕು. ತೋಟದ ರೈಟರು ಆ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಮಳೆ/ಕಳಸ/ಏಪ್ರಿಲ್ ಎಂಬ ಜಾಗದಲ್ಲಿ ಇಟ್ಟಿದ್ದಾರೆ. ಒಂದು ಜಾವಾ ಪ್ರೋಗ್ರಾಮು ಅದನ್ನು ಓದಿ ಮೊತ್ತ ತೆಗೆಯುತ್ತದೆ.

ಮಳೆ/ಕಳಸ/ಏಪ್ರಿಲ್ ಎಂಬುದು ಸಾಪೇಕ್ಷ ಪಾತ್, ಏಕೆಂದರೆ ಅದು ಬೇರಿನಿಂದ, ಅಂದರೆ ಎಲ್ಲಕ್ಕೂ ಮೇಲಿನ ರೂಟ್ ಫೋಲ್ಡರಿನಿಂದ ಶುರುವಾಗಿಲ್ಲ. /ದಾಖಲೆ/ಮಳೆ/ಕಳಸ/ಏಪ್ರಿಲ್ ಎಂದರೆ ಪೂರ್ಣ ಪಾತ್. ವಿಂಡೋಸ್‌ನಲ್ಲಿ ಪೂರ್ಣವಾಗಲು ಡ್ರೈವಿನ ಅಕ್ಷರವೂ ಗೆರೆಯೂ ಎರಡೂ ಬೇಕು, ಸಿ:\ದಾಖಲೆ ಎಂಬಂತೆ. \ದಾಖಲೆ ಎಂದಷ್ಟೇ ಬರೆದರೆ ಯಾವ ಡ್ರೈವು ಎಂಬುದು ಬಾಕಿ; ಸಿ:ದಾಖಲೆ ಎಂದರೆ ಆ ಡ್ರೈವಿನಲ್ಲಿ ಎಲ್ಲಿಂದ ಎಂಬುದು ಬಾಕಿ. ಎರಡನ್ನೂ ಜಾವಾ ಪೂರ್ಣವಲ್ಲ ಎಂದೇ ಎಣಿಸುತ್ತದೆ.

ಸಾಪೇಕ್ಷ ಪಾತ್ ಬಂದಾಗ ಜಾವಾ ಅದನ್ನು ಜೋಡಿಸುವುದು ಪ್ರೋಗ್ರಾಮು ಶುರುವಾದ ಫೋಲ್ಡರಿಗೆ. ಸೋರ್ಸ್ ಕೋಡು ಎಲ್ಲಿದೆ, ಕ್ಲಾಸ್ ಫೈಲು ಎಲ್ಲಿದೆ, ಜಾರ್ ಎಲ್ಲಿದೆ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆ ಆರಂಭದ ಫೋಲ್ಡರು 'ಯೂಸರ್.ಡಿಐಆರ್' ಎಂಬ ಗುಣದಲ್ಲಿ ದಾಖಲಾಗಿರುತ್ತದೆ. ಅದನ್ನು ನಡುವೆ ಬದಲಿಸಿ ಜಾಗ ಬದಲಿಸಿದೆವೆಂದು ಭಾವಿಸುವವರಿದ್ದಾರೆ. ಜಾವಾದಲ್ಲಿ ಜಾಗ ಬದಲಿಸುವ ವಿಧಾನವೇ ಇಲ್ಲ. ಜಾವಾ 11ರಿಂದ ಆ ಗುಣದ ಬೆಲೆಯನ್ನು ಆರಂಭದಲ್ಲೇ ಓದಿ ಹಿಡಿದಿಡುವುದರಿಂದ ಆಮೇಲೆ ತಿದ್ದಿದರೆ ಪಾತ್‌ಗಳ ಮೇಲೆ ಪರಿಣಾಮವಾಗುವುದಿಲ್ಲ.

ಇಲ್ಲಿಂದಲೇ ಆ ಹಳೆಯ ಗೋಳು ಶುರು. ಎಡಿಟರಿನಿಂದ ಓಡಿಸಿದಾಗ ಆರಂಭದ ಫೋಲ್ಡರು ಸಾಮಾನ್ಯವಾಗಿ ಪ್ರಾಜೆಕ್ಟಿನದು, ಏಪ್ರಿಲ್ ಹಾಳೆ ತಕ್ಷಣ ಸಿಗುತ್ತದೆ. ಅದೇ ಪ್ರೋಗ್ರಾಮನ್ನು ರಾತ್ರಿ ತಾನೇ ಓಡುವಂತೆ ಕ್ರಾನ್‌ಗೆ ಒಪ್ಪಿಸಿದರೆ ಅದು ಬಳಕೆದಾರನ ಹೋಮ್ ಫೋಲ್ಡರಿನಲ್ಲಿ ನಿಂತು ಹುಡುಕುತ್ತದೆ. ಲಿನಕ್ಸ್‌ನ ಸಿಸ್ಟಮ್ ಸೇವೆಯಾಗಿ ಓಡಿಸಿದರೆ, ಬೇರೆ ಹೇಳದಿದ್ದಲ್ಲಿ, ಬೇರಿನ ಫೋಲ್ಡರಿನಲ್ಲೇ ನಿಂತಿರುತ್ತದೆ. ಕೋಡಿನ ಒಂದಕ್ಷರ ಬದಲಾಗಿಲ್ಲ, ಹಾಳೆ ಮಾಯ. ಇಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದ್ದು 'ಟು ಆಬ್ಸಲ್ಯೂಟ್ ಪಾತ್' ಕರೆದು ಬಂದ ಉತ್ತರವನ್ನು ಮುದ್ರಿಸುವುದು. ಪ್ರೋಗ್ರಾಮು ಎಲ್ಲಿ ನಿಂತಿದೆ ಎಂಬುದು ಆ ಒಂದೇ ಸಾಲಿನಲ್ಲಿ ಕಾಣುತ್ತದೆ.

ಸೇರಿಸುವುದು, ಸವರುವುದು, ನಡೆದು ನೋಡುವುದು

'ರಿಸಾಲ್ವ್' ಎಂಬ ವಿಧಾನ ಎರಡು ಪಾತ್‌ಗಳನ್ನು ಬೆಸೆಯುತ್ತದೆ. /ದಾಖಲೆ/ಮಳೆ ಎಂಬ ಬುಡಕ್ಕೆ ಕಳಸ/ಏಪ್ರಿಲ್ ಕೊಟ್ಟರೆ ಪೂರ್ತಿ ದಾರಿ ಬರುತ್ತದೆ. ಖಾಲಿ ಪಾತ್ ಕೊಟ್ಟರೆ ಬುಡವೇ ವಾಪಸು. ಕೊಟ್ಟದ್ದು ತಾನೇ ಪೂರ್ಣ ಪಾತ್ ಆಗಿದ್ದರೆ ಬುಡವನ್ನು ಬದಿಗಿಟ್ಟು ಕೊಟ್ಟದ್ದನ್ನೇ ಹಿಂತಿರುಗಿಸುತ್ತದೆ. ಕೊನೆಯ ನಿಯಮವನ್ನು ಅನೇಕರು ಮರೆಯುತ್ತಾರೆ. ಹಳೆಯ 'ಫೈಲ್' ಕ್ಲಾಸಿಗೆ ಬುಡ ಮತ್ತು ಮಗುವನ್ನು ಬೇರೆಬೇರೆಯಾಗಿ ಕೊಟ್ಟರೆ, ಯೂನಿಕ್ಸ್‌ನಲ್ಲಿ ಮಗು / ಇಂದ ಶುರುವಾಗಿದ್ದರೂ ಅದನ್ನು ಬುಡದ ಕೆಳಗೇ ಜೋಡಿಸುತ್ತದೆ. ಹಳೆಯ ಕೋಡನ್ನು ಹೊಸ ಪದ್ಧತಿಗೆ ತರುವಾಗ ನಡವಳಿಕೆ ಸದ್ದಿಲ್ಲದೆ ಬದಲಾಗುವ ಜಾಗ ಇದು. 'ರಿಲೇಟಿವೈಸ್' ಇದರ ತಿರುಗುಮುರುಗು: ಒಂದು ಪಾತ್‌ನಲ್ಲಿ ನಿಂತು ಇನ್ನೊಂದಕ್ಕೆ ದಾರಿ ಹೇಳುತ್ತದೆ.

'ನಾರ್ಮಲೈಸ್' ದಾರಿಯನ್ನು ಸವರುತ್ತದೆ. ಒಂದು ಚುಕ್ಕೆ ಎಂದರೆ ಇಲ್ಲೇ, ಎರಡು ಚುಕ್ಕೆ ಎಂದರೆ ಒಂದು ಹೆಜ್ಜೆ ಮೇಲಕ್ಕೆ. ಕಳಸ/../ಮೂಡಿಗೆರೆ ಎಂಬುದನ್ನು ಅದು ಮೂಡಿಗೆರೆ ಎಂದು ಚಿಕ್ಕದಾಗಿಸುತ್ತದೆ. ಹೀಗೆ ಮಾಡುವಾಗ ಡಿಸ್ಕಿನತ್ತ ಕಣ್ಣೆತ್ತಿಯೂ ನೋಡುವುದಿಲ್ಲ. ಕಳಸ ಎಂಬ ಫೋಲ್ಡರು ಇದೆಯೋ ಇಲ್ಲವೋ ಅದಕ್ಕೆ ಬೇಕಿಲ್ಲ. ಸಾಂಕೇತಿಕ ಕೊಂಡಿಗಳು, ಅಂದರೆ ಸಿಂಬಾಲಿಕ್ ಲಿಂಕುಗಳು ಇದ್ದಲ್ಲಿ ಈ ಕುರುಡುತನ ತಪ್ಪು ಉತ್ತರ ಕೊಡುತ್ತದೆ. ಸಾಂಕೇತಿಕ ಕೊಂಡಿ ಎಂದರೆ ಕವಲುದಾರಿಯಲ್ಲಿ ನೆಟ್ಟ ಕೈಮರ. ನಮ್ಮ ಕಾಫಿ ಸೀಮೆಯಲ್ಲಿ ಹ್ಯಾಂಡ್‌ಪೋಸ್ಟ್ ಎಂಬುದೇ ಊರಿನ ಹೆಸರಾಗಿ ನಿಂತಿದೆ, ಮೂಡಿಗೆರೆಯ ಹ್ಯಾಂಡ್‌ಪೋಸ್ಟ್, ಬಾಳೂರು ಹ್ಯಾಂಡ್‌ಪೋಸ್ಟ್. ಅಲ್ಲಿ ನಿಂತವರು ಮರವನ್ನು ದಾಟಿ ಕೈ ತೋರಿದ ಕಡೆ ಹೋಗಬೇಕು.

/ದಾಖಲೆ/ಈವರ್ಷ ಎಂಬ ಕೊಂಡಿ /ಕೋಠಿ/2024/ಕಳಸ ಎಂಬ ಫೋಲ್ಡರಿಗೆ ಕೈ ತೋರುತ್ತಿದೆ ಎನ್ನೋಣ. /ದಾಖಲೆ/ಈವರ್ಷ/../ಮೂಡಿಗೆರೆ ಎಂದು ಕೇಳಿದರೆ ನಾರ್ಮಲೈಸ್ ಕೊಡುವ ಉತ್ತರ /ದಾಖಲೆ/ಮೂಡಿಗೆರೆ. ಆಪರೇಟಿಂಗ್ ಸಿಸ್ಟಮ್ ಮೊದಲು ಕೊಂಡಿಯನ್ನು ಹಿಂಬಾಲಿಸಿ ಕಳಸಕ್ಕೆ ಹೋಗಿ, ಅಲ್ಲಿಂದ ಒಂದು ಹೆಜ್ಜೆ ಮೇಲೇರಿ, /ಕೋಠಿ/2024/ಮೂಡಿಗೆರೆಗೆ ತಲುಪುತ್ತದೆ. ಒಂದೇ ಮಾತು, ಎರಡು ಊರು. ನಿಜವಾದ ತಾಣ ಬೇಕಿದ್ದರೆ 'ಟು ರಿಯಲ್ ಪಾತ್' ಕರೆಯಬೇಕು. ಅದು ಡಿಸ್ಕಿನ ಮೇಲೆ ನಡೆದೇ ನೋಡುತ್ತದೆ, ಕೊಂಡಿಗಳನ್ನೆಲ್ಲ ಬಿಡಿಸುತ್ತದೆ, ಫೈಲು ಇಲ್ಲದಿದ್ದರೆ ದೋಷ ಎಸೆಯುತ್ತದೆ. ಹಳೆಯ ಕ್ಲಾಸಿನಲ್ಲಿ ಈ ಕೆಲಸಕ್ಕೆ ಹತ್ತಿರದ್ದು 'ಗೆಟ್ ಕೆನಾನಿಕಲ್ ಪಾತ್'.

ಆ ನಡಿಗೆಯನ್ನು ಹತ್ತಿರದಿಂದ ನೋಡುವುದಾದರೆ: ಲಿನಕ್ಸ್ ಬೇರಿನ ಫೋಲ್ಡರನ್ನು ತೆರೆದು ಅದರ ಪಟ್ಟಿಯಲ್ಲಿ 'ದಾಖಲೆ' ಎಂಬ ಬೈಟುಗಳ ಸಾಲನ್ನು ಹುಡುಕುತ್ತದೆ. ಸಿಕ್ಕ ಸಾಲಿನ ಎದುರು ಐನೋಡ್ ಎಂಬ ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಫೋಲ್ಡರಿಗೆ ಹೋಗಿ 'ಮಳೆ' ಹುಡುಕುತ್ತದೆ, ಅಲ್ಲಿಂದ 'ಕಳಸ', ಅಲ್ಲಿಂದ 'ಏಪ್ರಿಲ್'. ಪ್ರತಿ ಫೋಲ್ಡರಿನಲ್ಲೂ ಹಾದುಹೋಗುವ ಅನುಮತಿ ಇರಬೇಕು. ನಡುವಿನ ಒಂದು ಗೇಟು ಮುಚ್ಚಿದ್ದರೂ ಮುಂದಿನ ಹೆಜ್ಜೆ ಇಲ್ಲ. ಕೊಂಡಿಗಳು ಒಂದನ್ನೊಂದು ತೋರಿಸುತ್ತ ಸುತ್ತು ಹಾಕಿದರೆ 40 ಕೊಂಡಿಗಳ ಮಿತಿ ದಾಟಿದ ಕೂಡಲೇ ಲಿನಕ್ಸ್ ಕೈಚೆಲ್ಲುತ್ತದೆ. ಹಳೆಯ ವಿಧಾನದಲ್ಲಿ ಫೈಲು ಇಲ್ಲ, ಅನುಮತಿ ಇಲ್ಲ, ಕೇಳಿದ್ದು ಫೋಲ್ಡರು ಎಂಬ ಮೂರು ಬೇರೆ ಸಂಗತಿಗಳಿಗೂ 'ಫೈಲ್ ನಾಟ್ ಫೌಂಡ್' ಎಂಬ ಒಂದೇ ದೋಷದ ಹೆಸರು. 'ಫೈಲ್ಸ್' ಮೂಲಕ ಕೇಳಿದರೆ ಇಲ್ಲದ ಫೈಲಿಗೊಂದು, ಅನುಮತಿ ಸಿಗದ್ದಕ್ಕೊಂದು ಎಂದು ಬೇರೆ ಬೇರೆ ಹೆಸರಿನ ದೋಷಗಳು ಬರುತ್ತವೆ. ಹೊಸದಾಗಿ ಬರೆಯುವವರು ಹಳೆಯದನ್ನು ಮುಟ್ಟದಿರಲು ಇದೊಂದೇ ಕಾರಣ ಸಾಕು.

ಫೈಲು ಇದೆಯೇ ಎಂದು ಮೊದಲು ಕೇಳಿ, ಆಮೇಲೆ ತೆರೆಯುವ ಅಭ್ಯಾಸವೂ ಭದ್ರವಲ್ಲ. ಜೋರು ಮಳೆಗೆ ಭದ್ರಾ ನದಿ ಹೆಬ್ಬಾಳೆ ಸೇತುವೆಯ ಮೇಲೆ ಹರಿದು ಕಳಸ ಮತ್ತು ಹೊರನಾಡಿನ ನಡುವಿನ ದಾರಿ ಕಡಿದುಹೋದ ಮಳೆಗಾಲಗಳು ಹಲವು. ಬೆಳಿಗ್ಗೆ ವಿಚಾರಿಸಿದಾಗ ದಾರಿ ಇತ್ತು ಎಂಬುದು ಮಧ್ಯಾಹ್ನ ಹೊರಟವರಿಗೆ ಆಧಾರವಲ್ಲ. ಪರೀಕ್ಷೆಗೂ ಬಳಕೆಗೂ ನಡುವೆ ಇನ್ನೊಂದು ಪ್ರೋಗ್ರಾಮು ಫೈಲನ್ನು ಅಳಿಸಿರಬಹುದು. ನೇರವಾಗಿ ತೆರೆದು, ಬಂದ ದೋಷವನ್ನು ಹಿಡಿದು ನಿಭಾಯಿಸುವುದೇ ಸರಿ. ಜೊತೆಗೆ, 'ಎಕ್ಸಿಸ್ಟ್ಸ್' ಇಲ್ಲ ಎಂದರೆ ಫೈಲು ಇಲ್ಲವೆಂದೇ ಅರ್ಥವಲ್ಲ. ಅನುಮತಿ ಇಲ್ಲದೆ ತಿಳಿಯದೇ ಹೋದಾಗಲೂ ಅದು ಇಲ್ಲ ಎನ್ನುತ್ತದೆ.

ಹೊರಗಿನವರು ಕೊಟ್ಟ ಹೆಸರನ್ನು ಬುಡಕ್ಕೆ ಬೆಸೆಯುವಾಗ ಎರಡು ಚುಕ್ಕೆಗಳ ಬಲದಿಂದ ಅವರು ಬುಡದಾಚೆ ಹೋಗಿಬಿಡಬಹುದು. 2018ರಲ್ಲಿ ಜಿಪ್ ಸ್ಲಿಪ್ ಎಂಬ ಹೆಸರಿನಲ್ಲಿ ಬೆಳಕಿಗೆ ಬಂದ ದೋಷ ಇದೇ ಜಾತಿಯದು; ಜಿಪ್ ಕಡತದೊಳಗಿನ ಹೆಸರುಗಳಲ್ಲೇ ಎರಡು ಚುಕ್ಕೆ ಅಡಗಿಸಿ ಕಳಿಸಿದರೆ, ಬಿಚ್ಚುವಾಗ ಫೈಲುಗಳು ಬೇಡದ ಕಡೆ ಬೀಳುತ್ತಿದ್ದವು. ಬೆಸೆದು, ಸವರಿ, ಆಮೇಲೆ ಅದು ಬುಡದಿಂದಲೇ ಶುರುವಾಗುತ್ತದೆಯೇ ಎಂದು 'ಸ್ಟಾರ್ಟ್ಸ್ ವಿತ್' ಮೂಲಕ ನೋಡುವುದು ರೂಢಿ. ಇದನ್ನು ಪಾತ್ ಆಗಿಯೇ ನೋಡಬೇಕು, ಅಕ್ಷರಸಾಲಾಗಿ ಅಲ್ಲ. /ದಾಖಲೆ/ಕಳಸಾಪುರ ಎಂಬ ಅಕ್ಷರಸಾಲು /ದಾಖಲೆ/ಕಳಸ ಎಂಬುದರಿಂದ ಶುರುವಾಗುತ್ತದೆ, ಆದರೆ ಕಳಸಾಪುರ ಕಳಸದ ಒಳಗಿಲ್ಲ. ಪಾತ್ ಒಂದೊಂದು ಹೆಸರನ್ನು ಇಡಿಯಾಗಿ ಹೋಲಿಸುವುದರಿಂದ ಮೋಸ ಹೋಗುವುದಿಲ್ಲ.

ಜಾರ್ ಒಳಗಿನ ದಾರಿ

ಪ್ರೋಗ್ರಾಮಿನ ಜೊತೆಗೇ ಕಟ್ಟಿ ಕಳಿಸುವ ಫೈಲುಗಳನ್ನು ಕ್ಲಾಸ್‌ಪಾತ್‌ನಲ್ಲಿ 'ಗೆಟ್ ರಿಸೋರ್ಸ್ ಆಸ್ ಸ್ಟ್ರೀಮ್' ಮೂಲಕ ಹುಡುಕಬೇಕು. ಕ್ಲಾಸಿನ ಮೂಲಕ ಕೇಳಿದರೆ ಹುಡುಕಾಟ ಆ ಕ್ಲಾಸಿನ ಪ್ಯಾಕೇಜಿನಿಂದ ಶುರು, ಮುಂದೆ / ಇದ್ದರೆ ಬೇರಿನಿಂದ. ಕ್ಲಾಸ್ ಲೋಡರಿಗೆ ಕೇಳಿದರೆ ಯಾವಾಗಲೂ ಬೇರಿನಿಂದ, ಮುಂದೆ / ಹಾಕಬಾರದು. ಜಾರ್ ಎಂಬುದು ಜಿಪ್ ಕಡತ. ಅದರೊಳಗಿನದು ಡಿಸ್ಕಿನ ಫೈಲಲ್ಲ, ಆದ್ದರಿಂದ 'ಫೈಲ್' ಕ್ಲಾಸಿಗೆ ಅದು ಕಾಣುವುದಿಲ್ಲ. ಎಡಿಟರಿನಲ್ಲಿ ಓಡಿದ್ದು ಜಾರ್ ಆದ ಮೇಲೆ ನಿಲ್ಲುವುದಕ್ಕೆ ಸಾಮಾನ್ಯ ಕಾರಣ ಇದು.

ರಿಸೋರ್ಸಿನ ವಿಳಾಸ ಯುಆರ್‌ಎಲ್ ರೂಪದಲ್ಲಿ ಬಂದಾಗ ಕನ್ನಡ ಹೆಸರಿನವರಿಗೆ ಇನ್ನೊಂದು ಗುಂಡಿ ಇದೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟು. ಒಂದೊಂದು ಬೈಟೂ ಶೇಕಡಾ ಚಿಹ್ನೆ ಮತ್ತು ಎರಡು ಅಂಕಿಯಾಗಿ ಬರುವುದರಿಂದ 'ಕಳಸ' ಎಂಬ ಮೂರಕ್ಷರ 27 ಚಿಹ್ನೆಗಳ ಸಾಲಾಗುತ್ತದೆ. ಅದನ್ನು ಹಾಗೆಯೇ 'ಫೈಲ್' ಕ್ಲಾಸಿಗೆ ಕೊಟ್ಟರೆ ಆ 27 ಚಿಹ್ನೆಗಳ ಹೆಸರಿನ ಫೈಲನ್ನು ಹುಡುಕಿ ಸೋಲುತ್ತದೆ. ಮೊದಲು ಯುಆರ್‌ಐ ಮಾಡಿ, ಅದರಿಂದ ಪಾತ್ ಕಟ್ಟಬೇಕು.

ಕನ್ನಡ ಹೆಸರಿನ ಫೈಲುಗಳು

ಫೈಲಿಗೆ ಕನ್ನಡದಲ್ಲಿ ಹೆಸರಿಡಲು ಇಂದಿಗೂ ಹಿಂಜರಿಯುವ ಎಂಜಿನಿಯರುಗಳಿದ್ದಾರೆ. ಮೂಡಿಗೆರೆಯ ತೋಟದಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿ (1938–2007) ಕಂಪ್ಯೂಟರಿನಲ್ಲಿ ಕನ್ನಡ ಬೇರೂರಬೇಕೆಂದು ಕೊನೆಯ ವರ್ಷಗಳಲ್ಲಿ ಪಟ್ಟುಹಿಡಿದಿದ್ದರು. ಆ ಹಟ ಫೈಲಿನ ಹೆಸರಿಗೂ ಅನ್ವಯಿಸಬೇಕು ಎಂದು ನಾನು ನಂಬಿದ್ದೇನೆ, ಅದಕ್ಕೆ ಗಟ್ಟಿ ಕಾರಣಗಳೂ ಇವೆ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಕಾಗುಣಿತ ಬದಲಾದಾಗ ಚಿಕ್ಕಮಗಳೂರಿನದೂ ಬದಲಾಯಿತು. ರೋಮನ್ ಅಕ್ಷರದ ಫೋಲ್ಡರುಗಳಲ್ಲಿ ಹಳೆಯ ಕಾಗುಣಿತವೂ ಹೊಸದೂ ಬೆರೆತವು. ಕನ್ನಡದಲ್ಲಿ ಚಿಕ್ಕಮಗಳೂರು ಅಂದೂ ಚಿಕ್ಕಮಗಳೂರೇ. ದೊಡ್ಡಕ್ಷರ, ಚಿಕ್ಕಕ್ಷರಗಳ ಗೊಂದಲವೂ ಕನ್ನಡಕ್ಕಿಲ್ಲ. ರೋಮನ್ನಿನಲ್ಲಿ ಬರೆದ ಕಳಸದ ಮೊದಲಕ್ಷರ ದೊಡ್ಡದೋ ಚಿಕ್ಕದೋ ಎಂಬುದು ವಿಂಡೋಸ್‌ಗೆ ಲೆಕ್ಕವಿಲ್ಲ, ಲಿನಕ್ಸ್‌ಗೆ ಅವು ಎರಡು ಬೇರೆ ಫೈಲು. (ಹೆಸರು ಕನ್ನಡವಾದರೂ ಫೋಲ್ಡರುಗಳ ಅಂತಸ್ತನ್ನು ಕೋಡಿನಲ್ಲಿ ಕೊರೆದಿಡಬಾರದು: ಮೂಡಿಗೆರೆ ತಾಲ್ಲೂಕಿನ ಹೋಬಳಿಯಾಗಿದ್ದ ಕಳಸ ಈಗ ತಾನೇ ತಾಲ್ಲೂಕು. ಮೂಡಿಗೆರೆ/ಕಳಸ ಎಂದು ಬರೆದಿಟ್ಟ ಪಾತ್‌ಗಳೆಲ್ಲ ಆ ಬದಲಾವಣೆಗೆ ಮುರಿಯುತ್ತವೆ.)

ತೊಡಕುಗಳಿಲ್ಲವೆಂದಲ್ಲ. ಜಾವಾ ಒಳಗೆ ಅಕ್ಷರಗಳು ಯೂನಿಕೋಡ್. ಲಿನಕ್ಸ್‌ಗೆ ಹೆಸರೆಂದರೆ ಬರಿಯ ಬೈಟುಗಳು. ಒಂದನ್ನು ಇನ್ನೊಂದಾಗಿಸುವಾಗ ಜಾವಾ ಸಿಸ್ಟಮ್‌ನ ಲೊಕೇಲ್ (ಭಾಷೆ, ಲಿಪಿಯ ಹೊಂದಿಕೆ) ನೋಡಿ 'ಸನ್.ಜೆಎನ್‌ಯು.ಎನ್‌ಕೋಡಿಂಗ್' ಎಂಬ ಗುಣವನ್ನು ನಿಶ್ಚಯಿಸುತ್ತದೆ. ಲೊಕೇಲ್ ಹೊಂದಿಸದ ಸರ್ವರುಗಳಲ್ಲಿ, ಕಂಟೇನರುಗಳಲ್ಲಿ ಅದು ಆಸ್ಕಿ ಆಗಿಬಿಡುತ್ತದೆ. ಆಗ ಕನ್ನಡ ಹೆಸರು ಕೊಟ್ಟ ಕೂಡಲೇ 'ಪಾತ್.ಆಫ್' ಅಮಾನ್ಯ ಪಾತ್ ಎಂಬ ದೋಷ ಎಸೆಯುತ್ತದೆ. ಹಳೆಯ 'ಫೈಲ್' ಕ್ಲಾಸು ಮಾತಾಡದೆ ಪ್ರತಿ ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರೆಯುತ್ತದೆ. 2022ರ ಜಾವಾ 18 ಯುಟಿಎಫ್-8 ಅನ್ನು ಪೂರ್ವನಿಯೋಜಿತ ಮಾಡಿದ್ದು ಫೈಲಿನ ಒಳಗಿನ ಬರಹಕ್ಕೆ, ಫೈಲಿನ ಹೆಸರಿಗಲ್ಲ. ಪರಿಹಾರ ಲೊಕೇಲನ್ನೇ ಯುಟಿಎಫ್-8ಕ್ಕೆ ಹೊಂದಿಸುವುದು. ವಿಂಡೋಸ್ ಹೆಸರುಗಳನ್ನು ಯೂನಿಕೋಡಿನಲ್ಲೇ ಇಡುವುದರಿಂದ ಅಲ್ಲಿ ಈ ಕಾಟವಿಲ್ಲ.

ಲಿನಕ್ಸ್‌ನಲ್ಲಿ ಒಂದು ಹೆಸರಿಗೆ 255 ಬೈಟುಗಳ ಮಿತಿ. ಕನ್ನಡಕ್ಕೆ ಅದು 85 ಸಂಕೇತಗಳಾಗುತ್ತದೆ. ಸ್ವರಚಿಹ್ನೆಯೂ ವಿರಾಮವೂ ಒಂದೊಂದು ಸಂಕೇತವಾದ್ದರಿಂದ 'ಚಿಕ್ಕಮಗಳೂರು' ಒಂದಕ್ಕೇ 11 ಸಂಕೇತ, 33 ಬೈಟು. ಉದ್ದ ಹೆಸರಿಡುವವರು ಗಮನಿಸಬೇಕು.

ಇದಕ್ಕಿಂತ ಸೂಕ್ಷ್ಮವಾದದ್ದು, ಕಣ್ಣಿಗೆ ಒಂದೇ ಆಗಿ ಬೈಟಿನಲ್ಲಿ ಬೇರೆಯಾಗುವ ಹೆಸರುಗಳು. 'ತೋಟ' ಎಂಬುದರ ಓಕಾರವನ್ನು ಯೂನಿಕೋಡ್ ಒಂದೇ ಸಂಕೇತವಾಗಿ (3275) ಬರೆಯಬಲ್ಲದು, ಎ-ಚಿಹ್ನೆ, ಊ-ಚಿಹ್ನೆ, ದೀರ್ಘದ ಗುರುತು ಎಂದು ಮೂರಾಗಿ (3270, 3266, 3285) ಬಿಡಿಸಿಯೂ ಬರೆಯಬಲ್ಲದು. ಮೊದಲನೆಯದು 9 ಬೈಟು, ಎರಡನೆಯದು 15. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಬಿಡಿಸಿದ ರೂಪವನ್ನೇ ಇಡುತ್ತಿತ್ತು. ಅಲ್ಲಿಂದ ಲಿನಕ್ಸ್‌ಗೆ ಬಂದ 'ತೋಟ'ವನ್ನು ಕೀಲಿಮಣೆಯಲ್ಲಿ ಒತ್ತಿದ 'ತೋಟ' ಹುಡುಕಿದರೆ ಸಿಗದಿರಬಹುದು. ಜಾವಾ 6ರಿಂದ ಇರುವ 'ನಾರ್ಮಲೈಸರ್' ಕ್ಲಾಸು ಎರಡನ್ನೂ ಒಂದೇ ರೂಪಕ್ಕೆ ತರುತ್ತದೆ. ಇದಕ್ಕೂ ಪಾತ್‌ನ ನಾರ್ಮಲೈಸ್‌ಗೂ ಹೆಸರಿನ ಸಾಮ್ಯ ಬಿಟ್ಟರೆ ನಂಟಿಲ್ಲ.

ಇನ್ನು ಏಪ್ರಿಲ್ ಹಾಳೆ. ಪಟ್ಟಿಯಲ್ಲಿ ಅದು ಕಣ್ಣೆದುರೇ ಇದ್ದು, ಜಾಗ ಸರಿಯಿದ್ದು, ಲೊಕೇಲ್ ಸರಿಯಿದ್ದು, ಪ್ರೋಗ್ರಾಮು ಮಾತ್ರ ಇಲ್ಲ ಎನ್ನುತ್ತಿದ್ದರೆ ಹೆಸರಿನ ಸಂಕೇತಗಳನ್ನು ಒಂದೊಂದಾಗಿ ಮುದ್ರಿಸಿ ನೋಡಬೇಕು. 'ಏಪ್ರಿಲ್' ಎಂಬುದಕ್ಕೆ 7 ಸಂಕೇತ, ಕೊನೆಯದು ವಿರಾಮ, 3277. ಕೆಲವೊಮ್ಮೆ ಅದರಾಚೆ 8204 ಎಂಬ ಎಂಟನೆಯದು ಸಿಗುತ್ತದೆ. ಅದು ಅಗಲವಿಲ್ಲದ ಬಿಡಿಕೆ. ಒತ್ತಕ್ಷರ ಆಗದಂತೆ ತಡೆಯಲು ನಾವು ಬೆರಳಚ್ಚಿಸುವ ಗುರುತು, ಪದದ ಕೊನೆಗೆ ಉಳಿದರೆ ಕಾಣುವುದೇ ಇಲ್ಲ. ಜಾವಾದ 'ಟ್ರಿಮ್', 'ಸ್ಟ್ರಿಪ್' ಅದನ್ನು ಖಾಲಿಜಾಗವೆಂದು ಎಣಿಸುವುದಿಲ್ಲ, ನಾರ್ಮಲೈಸರ್ ಮುಟ್ಟುವುದಿಲ್ಲ. ಪದದ ನಡುವೆ ಅದಕ್ಕೆ ಕೆಲಸವಿದೆ, ಅಲ್ಲಿಂದ ಕಿತ್ತರೆ ಬೇಡದ ಒತ್ತಕ್ಷರ ಹುಟ್ಟುತ್ತದೆ. ಆದ್ದರಿಂದ ಹೆಸರಿನ ತುದಿಯಲ್ಲಿ ಇರುವುದನ್ನಷ್ಟೇ ತೆಗೆಯಬೇಕು. ತೆಗೆದ ಮೇಲೆ ಏಪ್ರಿಲ್ ತೆರೆಯುತ್ತದೆ. ಮುಂದಿನ ಹಾಳೆ 'ಮೇ'. ಅದರಲ್ಲಿ ವಿರಾಮವಿಲ್ಲ, ಆದರೆ 3271ನೆಯ ಏ-ಚಿಹ್ನೆ ಇದೆ, ಅದು 3270 ಮತ್ತು 3285 ಎಂದು ಎರಡಾಗಿ ಒಡೆಯಬಲ್ಲದು.